ಟೇಕ್ ಆನ್ ಮಿ: ಒಂದು ಆವರ್ತದ ಕೀಬೋರ್ಡು, ಎರಡೂವರೆ ಸ್ಥಾಯಿಯ ಗಂಟಲು

ನಾರ್ವೆಯ ಆ-ಹಾ ಎಂಬ ಪಾಪ್ ತಂಡದ ‘ಟೇಕ್ ಆನ್ ಮಿ’ ಹಾಡನ್ನು ಕೀಬೋರ್ಡಿನಲ್ಲಿ ಒತ್ತಿ ನೋಡದ ಕೀಬೋರ್ಡಿಗರು ಕಡಿಮೆ. ಸ್ವರಗಳು ಕಷ್ಟದವಲ್ಲ, ಹತ್ತು ನಿಮಿಷದಲ್ಲಿ ಸಿಗುತ್ತವೆ. ಸಿಕ್ಕ ಮೇಲೂ ಹಾಡು ಮಾತ್ರ ಬರುವುದಿಲ್ಲ. ಏನೋ ನರ್ಸರಿ ಪದ್ಯದ ಹಾಗೆ ಕೇಳಿಸುತ್ತದೆ. ಒತ್ತಿದ ಸ್ವರಗಳಲ್ಲಿ ತಪ್ಪಿರುವುದಿಲ್ಲ. ಒತ್ತಬಾರದ ಜಾಗದಲ್ಲಿ ಒತ್ತಿರುತ್ತೇವೆ, ಅಷ್ಟೇ.

ಮೊದಲು ಸ್ವರ ಬರೆದುಕೊಳ್ಳೋಣ. ಹಾಡು ಎ ಮೇಜರ್‌ನಲ್ಲಿದೆ. ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ 6 ಷಡ್ಜ. ಸ್ವರಸ್ಥಾನಗಳು ಧೀರಶಂಕರಾಭರಣದವು, ಅಂದರೆ ಚತುಶ್ರುತಿ ಋಷಭ, ಶುದ್ಧ ಮಧ್ಯಮ, ಚತುಶ್ರುತಿ ಧೈವತ, ಕಾಕಲಿ ನಿಷಾದ. (ರಾಗ ಅಂತ ಹೇಳುತ್ತಿಲ್ಲ, ಸ್ಥಾನ ಮಾತ್ರ. ಗಮಕ ಹಾಕಿದರೆ ಕೆಟ್ಟುಹೋಗುತ್ತದೆ.) ಆರಂಭದ ಆ ಪ್ರಸಿದ್ಧ ಕೀಬೋರ್ಡ್ ತುಣುಕಿನಲ್ಲಿ ಖಾಲಿ ಜಾಗವನ್ನೂ ಎಣಿಸಿದರೆ ಒಟ್ಟು 32 ಸಮ ಅಳತೆಯ ಮಾತ್ರೆಗಳಿವೆ. ಇದನ್ನು ನಾಲ್ಕು ನಾಲ್ಕಾಗಿ ಕಟ್ಟಿದರೆ ಎಂಟು ಗುಂಪು, ಗುಂಪಿಗೊಂದು ತಾಳದ ಅಕ್ಷರ. ಅಂದರೆ ಚತುರಶ್ರ ನಡೆಯ ಆದಿತಾಳದ ಒಂದು ಆವರ್ತ, ಒಂದು ಮಾತ್ರೆ ಹೆಚ್ಚಿಲ್ಲ, ಕಡಿಮೆಯಿಲ್ಲ:

ದ ದ ಮ ರಿ | – ರಿ – ಪ | – ಪ – ಪ | ನಿ ನಿ ಸ ರಿ ||
ಸ ಸ ಸ ಪ | – ಮ – ದ || – ದ – ದ | ಪ ಪ ದ ಪ ||

ನಾಲ್ಕನೆಯ ಗುಂಪಿನ ಸ ರಿ, ಐದನೆಯ ಗುಂಪಿನ ಮೂರು ಸ, ಇವು ತಾರಸ್ಥಾಯಿ. ಉಳಿದವೆಲ್ಲ ಮಧ್ಯಸ್ಥಾಯಿ. ಅಡ್ಡಗೆರೆ (–) ಇರುವಲ್ಲಿ ಕೈ ಎತ್ತಬೇಕು, ಹಿಂದಿನ ಸ್ವರ ಎಳೆಯಬಾರದು.

ಈಗ ತೊಡೆ ಮೇಲೆ ತಾಳ ಹಾಕುತ್ತಾ ಬಾಯಲ್ಲಿ ಇದನ್ನು ಹೇಳಿ. 2, 3, 6, 7ನೆಯ ಅಕ್ಷರಗಳು ಬೀಳುವಾಗ ಬಾಯಲ್ಲಿ ಸ್ವರವೇ ಇಲ್ಲ. ಎಂಟು ಘಾತಗಳಲ್ಲಿ ನಾಲ್ಕು ಬರಿದು. ಸ್ವರ ಬರುವುದು ಘಾತದ ಆಚೀಚೆ. ಅದಕ್ಕಿಂತ ಮುಖ್ಯವಾದದ್ದು 2ನೆಯ ಗುಂಪಿನ ಕೊನೆಯ ‘ಪ’ ಮತ್ತು 6ನೆಯ ಗುಂಪಿನ ಕೊನೆಯ ‘ದ’. ಇವೆರಡೂ ಮುಂದಿನ ಕಾರ್ಡಿಗೆ (ಕೆಳಗೆ ಒಟ್ಟಿಗೆ ಮೊಳಗುವ ಸ್ವರಗುಚ್ಛಕ್ಕೆ) ಸೇರಿದ ಸ್ವರಗಳು. ಕಾರ್ಡು ಬದಲಾಗುವುದಕ್ಕೆ ಒಂದು ಮಾತ್ರೆ ಮುಂಚೆಯೇ ಬಂದು ಕೂತಿರುತ್ತವೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅತೀತ. ಬಸ್ಸು ಬರುವ ಮುಂಚೆಯೇ ಹತ್ತಲು ಕಾಲೆತ್ತಿದ ಹಾಗೆ. ಹಾಡಿನ ದಡಬಡ ಓಟ ಇರುವುದು ಇಲ್ಲಿಯೇ, ವೇಗದಲ್ಲಿ ಅಲ್ಲ. ಕಲಿಯುವವರು ಸಾಮಾನ್ಯವಾಗಿ ಈ ಎರಡು ಸ್ವರಗಳನ್ನು ಘಾತದ ಮೇಲೆ ತಂದು ಕೂರಿಸಿಬಿಡುತ್ತಾರೆ. ಕೈಗೆ ಅದೇ ಹಿತ. ಅಲ್ಲಿಗೆ ನರ್ಸರಿ ಪದ್ಯ ತಯಾರು.

ಇನ್ನೊಂದು ಸಂಗತಿ. ಇಡೀ ಸಾಲಿನಲ್ಲಿ ಗಾಂಧಾರ ಎಲ್ಲಿಯೂ ಇಲ್ಲ, ಹುಡುಕಿ ನೋಡಿ. ಷಡ್ಜ ಕೂಡ ಅರ್ಧ ಆವರ್ತ ಮುಗಿಯುವ ಹೊತ್ತಿಗೆ ಬರುತ್ತದೆ. ಕೆಳಗಿನ ಕಾರ್ಡು ಶುರುವಾಗುವುದೂ ಷಡ್ಜದಿಂದಲ್ಲ, ಋಷಭದಿಂದ. ಎರಡೆರಡು ಅಕ್ಷರಕ್ಕೆ ಒಂದರಂತೆ ಬಿ ಮೈನರ್, ಇ, ಎ, ಡಿ. ಕೊನೆಯ ಡಿ ಕಾರ್ಡಿನ ಎರಡನೆಯ ಅರ್ಧದಲ್ಲಿ, ಅಂದರೆ 8ನೆಯ ಅಕ್ಷರದಲ್ಲಿ, ಎಡಗೈ ಬೇಸನ್ನು ಸಿ ಶಾರ್ಪ್‌ಗೆ ಇಳಿಸಿದರೆ ಮತ್ತೆ ಬಿ ಗೆ ಹೋಗಲು ಮೆಟ್ಟಿಲು ಸಿಗುತ್ತದೆ. ಕಾಣೆಯಾಗಿದ್ದ ಗಾಂಧಾರವೂ ಅಲ್ಲಿ ಕೆಳಗಿನಿಂದ ಕೇಳಿಸುತ್ತದೆ. ಮನೆಯಲ್ಲಿ ತಂಬೂರಿ ಆ್ಯಪ್ ಹಾಕಿಕೊಂಡು ಅಭ್ಯಾಸ ಮಾಡುವವರಿಗೆ ಒಂದು ಮಾತು: ಇದಕ್ಕೆ ಅದು ಬೇಡ. ಸ-ಪ ಸದಾ ಮೊಳಗುತ್ತಿದ್ದರೆ ಮೊದಲ ಬಿ ಮೈನರ್‌ಗೆ ಇರುವ ಮಬ್ಬು ಕರಗಿಹೋಗುತ್ತದೆ, ಷಡ್ಜ ಬಂದಾಗ ಆಗಬೇಕಾದ ಬೆಳಕೂ ಆಗುವುದಿಲ್ಲ.

ಬಲಗೈ ಬೆರಳುಗಳು. ದ ನಾಲ್ಕನೆಯದು, ಮ ಎರಡನೆಯದು, ರಿ ಹೆಬ್ಬೆರಳು. ಎರಡನೆಯ ರಿ ಆದ ಮೇಲಿನ ಖಾಲಿ ಮಾತ್ರೆಯಲ್ಲಿ ಹೆಬ್ಬೆರಳನ್ನು ಸೀದಾ ಪ ಗೆ ಜರುಗಿಸಿ. ಹೆಬ್ಬೆರಳು ಅಲ್ಲಿ ಕೂತರೆ ನಿ ಗೆ ಮೂರು, ಸ ಗೆ ನಾಲ್ಕು, ಮೇಲಿನ ರಿ ಗೆ ಕಿರುಬೆರಳು ತಾನಾಗಿ ಬೀಳುತ್ತವೆ. ವಾಪಸು ಬರುವಾಗ ಪ ಗೆ ಮತ್ತೆ ಹೆಬ್ಬೆರಳು, ಅದರ ಮೇಲಿಂದ ಎರಡನೆಯ ಬೆರಳು ದಾಟಿ ಮ. ಆಮೇಲೆ ದ ನಾಲ್ಕು, ಪ ಮೂರು. ಈ ಜಾಗದಲ್ಲಿ ಮುಗಿಸಿದರೆ ಕೈ ಆರಂಭದ ಸ್ಥಾನಕ್ಕೇ ಬಂದು ನಿಂತಿರುತ್ತದೆ, ಎರಡನೆಯ ಸುತ್ತು ತಡವರಿಸುವುದಿಲ್ಲ. ಹೆಚ್ಚಿನವರು ಎಡವುವುದು ಐದನೆಯ ಗುಂಪಿನ ಕೊನೆಯಲ್ಲಿ, ಪ ಗೆ ಎರಡನೆಯ ಬೆರಳಿಟ್ಟು ಮುಂದೆ ಬೆರಳೇ ಸಾಲದೆ.

ವೇಗದ ಬಗ್ಗೆ ಗೊಂದಲ ಇದೆ. ಕೆಲವು ಕಡೆ 84 ಅಂತ ಬರೆದಿರುತ್ತದೆ, ಕೆಲವು ಕಡೆ 169. ಎರಡೂ ಒಂದೇ ಹಾಡು. ನಾವು ಮೇಲೆ ಹಾಕಿದ ಆದಿತಾಳದ ಅಕ್ಷರಗಳನ್ನು ಎಣಿಸಿದರೆ ನಿಮಿಷಕ್ಕೆ 84ಕ್ಕಿಂತ ತುಸು ಹೆಚ್ಚು. ಡ್ರಮ್ಮಿನ ಪೆಟ್ಟು ಎಣಿಸಿದರೆ ಅದರ ಎರಡರಷ್ಟು. ಒಂದು ಆವರ್ತಕ್ಕೆ ಸುಮಾರು 5.7 ಸೆಕೆಂಡು, ಒಂದು ಮಾತ್ರೆಗೆ ಸುಮಾರು 0.18 ಸೆಕೆಂಡು. ಮನೆಯ ಕೀಬೋರ್ಡಿನಲ್ಲಿ ರಿದಮ್ ಹಾಕಿಕೊಳ್ಳುವವರು 8-ಬೀಟ್ ಶೈಲಿಯನ್ನು 169ಕ್ಕೆ ಇಡಬೇಕು. 16-ಬೀಟ್ ಶೈಲಿಯನ್ನು 169ಕ್ಕೆ ಇಟ್ಟರೆ ಹೊಲಿಗೆ ಯಂತ್ರದ ಸದ್ದು ಬರುತ್ತದೆ. ಅಭ್ಯಾಸವನ್ನು 100ರಿಂದ ಶುರುಮಾಡಿ, ಎರಡು ಮೂರು ದಿನಕ್ಕೊಮ್ಮೆ 8-10 ಏರಿಸುತ್ತಾ ಹೋಗಿ. 140 ದಾಟುವಾಗ ಖಾಲಿ ಮಾತ್ರೆಗಳು ಮೊದಲು ಸಾಯುತ್ತವೆ. ಹಾಗಾದ ತಕ್ಷಣ ಹಿಂದೆ ಬನ್ನಿ.

ಬ್ಲೂಟೂತ್ ಸ್ಪೀಕರಿಗೆ ಕೀಬೋರ್ಡ್ ಆ್ಯಪ್ ಜೋಡಿಸಿ ಇದನ್ನು ನುಡಿಸಲು ಹೋಗಬೇಡಿ. ಸಾಮಾನ್ಯ ಬ್ಲೂಟೂತಿನಲ್ಲಿ ಒತ್ತಿದ ಸ್ವರ ಕೇಳಿಸಲು 0.15ರಿಂದ 0.2 ಸೆಕೆಂಡು ತಡವಾಗುವುದು ಮಾಮೂಲು. ಇಲ್ಲಿ ಒಂದು ಮಾತ್ರೆಯ ಅಳತೆ ಎಷ್ಟು ಅಂತ ಈಗತಾನೇ ನೋಡಿದೆವಲ್ಲ. ನೀವು ಸರಿಯಾಗಿ ಘಾತದ ಮುಂಚೆ ಒತ್ತುತ್ತೀರಿ, ಕಿವಿಗೆ ಬೀಳುವುದು ಸರಿಯಾಗಿ ಘಾತದ ಮೇಲೆ. ಕಿವಿಯನ್ನು ನಂಬಿ ಕೈಯನ್ನು ತಿದ್ದಿಕೊಳ್ಳುತ್ತೀರಿ, ಅದು ಇನ್ನಷ್ಟು ಹಾಳು. ವೈರ್ ಹಾಕಿ.

ನಾದದ ಮಟ್ಟಿಗೆ, 1985ರ ಮುದ್ರಣದಲ್ಲಿ ಲಿನ್‌ಡ್ರಮ್ ಎಂಬ ಡ್ರಮ್ ಯಂತ್ರ, ಯಮಹಾ ಡಿಎಕ್ಸ್7, ಪಿಪಿಜಿ ವೇವ್ ಎಂಬ ಸಿಂಥ್‌ಗಳು ಬಳಕೆಯಾಗಿವೆ. ಅವನ್ನು ಹುಡುಕಿ ಕೊಳ್ಳಬೇಕಿಲ್ಲ. ಸಾಫ್ಟ್‌ವೇರ್ ಸಿಂಥ್ ಇದ್ದರೆ ಎರಡು ಸಾಟೂತ್ ಅಲೆಗಳನ್ನು 8-10 ಸೆಂಟ್ (ಒಂದು ಮೆಟ್ಟಿಲಿನ ನೂರನೆಯ ಭಾಗ ಒಂದು ಸೆಂಟ್) ಅಂತರದಲ್ಲಿ ಇಡಿ. ಅಟ್ಯಾಕ್ ಸೊನ್ನೆ, ಡಿಕೇ 300-400 ಮಿಲಿಸೆಕೆಂಡು, ಸಸ್ಟೇನ್ ಅರ್ಧ, ರಿಲೀಸ್ (ಕೈ ಎತ್ತಿದ ಮೇಲೆ ಸದ್ದು ಆರುವ ಹೊತ್ತು) 100-150. ಮೇಲೆ ಕೋರಸ್ ಎಫೆಕ್ಟ್. ಹಿಂದೆ ಸಣ್ಣಗೆ, ಮುಖ್ಯ ನಾದದ ಕಾಲುಭಾಗ ವಾಲ್ಯೂಮಿನಲ್ಲಿ, ಗಂಟೆಯಂಥ ಒಂದು ಎಫ್ಎಂ ನಾದ. ರಿಲೀಸ್ 300 ದಾಟಿದರೆ ಖಾಲಿ ಮಾತ್ರೆಗಳು ತುಂಬಿಕೊಂಡು ಇಷ್ಟುಹೊತ್ತು ಪಟ್ಟ ಪಾಡೆಲ್ಲ ನೀರುಪಾಲು. ರಿವರ್ಬ್ ಕೂಡ ಹಾಗೆಯೇ. ಮನೆಯ ಸಾಧಾರಣ ಕೀಬೋರ್ಡಾದರೆ ಜನರಲ್ ಮಿಡಿ ಪಟ್ಟಿಯ 63 ಅಥವಾ 82ನೆಯ ನಾದ ಹಾಕಿ, ಟಚ್ ರೆಸ್ಪಾನ್ಸ್ ಆಫ್ ಮಾಡಿ. ಪಿಯಾನೋದಂತೆ ಒಂದು ಸ್ವರ ಜೋರು, ಒಂದು ಮೆಲ್ಲಗೆ ಬಂದರೆ ಯಂತ್ರದ ಸೊಗಸು ಹೋಗುತ್ತದೆ.

ಗಿಟಾರಿನವರಿಗೆ ಸುಲಭ. ಎರಡನೆಯ ಫ್ರೆಟ್ಟಿನಲ್ಲಿ ಕೇಪೋ ಹಾಕಿ ಎ ಮೈನರ್, ಡಿ, ಜಿ, ಸಿ ಹಿಡಿದರೆ ಮೂಲ ಶ್ರುತಿಗೆ ಬರುತ್ತದೆ. ಪಲ್ಲವಿಗೆ ಜಿ, ಎಫ್ ಶಾರ್ಪ್ ಬೇಸಿನ ಡಿ, ಇ ಮೈನರ್, ಸಿ.

ಪಲ್ಲವಿ ಅಂದೆನಲ್ಲ, ಅಸಲಿ ಕಷ್ಟ ಅಲ್ಲಿದೆ. ತಂಡದ ಗಾಯಕ ಮಾರ್ಟೆನ್ ಹಾರ್ಕೆಟ್ ಹಾಡಿರುವ ಕೆಳಗಿನ ಸ್ವರ ಎ2, ಮೇಲಿನದು ಇ5 (ಅಂಕಿ ಸ್ಥಾಯಿಯದು, ಪಿಯಾನೋದ ನಡುವಿನ ಸಿ ಅಂದರೆ ಸಿ4). ಎರಡೂವರೆ ಸ್ಥಾಯಿಗಿಂತ ಹೆಚ್ಚು. ಸಿ ಶ್ರುತಿಯಲ್ಲಿ, ಅಂದರೆ ಒಂದು ಕಟ್ಟೆಯಲ್ಲಿ ಹಾಡುವ ಗಂಡಸಿನ ಲೆಕ್ಕಕ್ಕೆ ತಂದರೆ ಮಂದ್ರ ಧೈವತದಿಂದ ಅತಿತಾರ ಗಾಂಧಾರದವರೆಗೆ. ಕಛೇರಿಯಲ್ಲಿ ಯಾರೂ ಕೇಳದ ವ್ಯಾಪ್ತಿ ಇದು. ಹಾಡಿನ ಹೆಸರಿನ ಮೂರು ಪದಗಳೇ ಪಲ್ಲವಿಯ ಮೊದಲ ಸಾಲು, ಅದರ ಚಲನೆ ಸ – ನಿ – ಸ. ಮೊದಲ ಸ ಮಾತ್ರ ಒಂದು ಸ್ಥಾಯಿ ಕೆಳಗೆ. ಹಾಗಾಗಿ ಸ ದಿಂದ ನಿ ಗೆ ಹನ್ನೊಂದು ಮೆಟ್ಟಿಲು ಒಂದೇ ನೆಗೆತ. ಪಾಶ್ಚಾತ್ಯ ಸಂಗೀತ ಕಲಿಸುವವರು ಮೇಜರ್ ಸೆವೆಂತ್ ಅಂತರದ ಗುರುತು ಹಿಡಿಸಲು ಈ ಸಾಲನ್ನೇ ಉದಾಹರಣೆ ಕೊಡುತ್ತಾರೆ.

ನೆಗೆತ ಕಿವಿಗೆ ಯಾಕೆ ಒರಟಾಗಿ ಕೇಳಿಸುವುದಿಲ್ಲ ಅಂದರೆ ಬೇಸನ್ನು ಗಮನಿಸಿ. ಅದೇ ಹೊತ್ತಿಗೆ ಬೇಸು ಎ ಇಂದ ಜಿ ಶಾರ್ಪ್‌ಗೆ, ಸ ದಿಂದ ಪಕ್ಕದ ನಿ ಗೆ, ಒಂದೇ ಮೆಟ್ಟಿಲು ಇಳಿಯುತ್ತದೆ. ಗಂಟಲು ಹನ್ನೊಂದು ಮೆಟ್ಟಿಲು ಹತ್ತಿ ತಲುಪುವುದೂ ಅದೇ ನಿ ಯನ್ನು, ಸ್ಥಾಯಿ ಬೇರೆ. ಒಬ್ಬರು ಇಳಿದು, ಒಬ್ಬರು ಹತ್ತಿ, ಒಂದೇ ಸ್ವರಕ್ಕೆ ಬಂದು ಸೇರುತ್ತಾರೆ. ಬರೆದವರು ಲೆಕ್ಕ ಹಾಕಿ ಮಾಡಿದರೋ ಹಾಗೇ ಬಂತೋ, ಅಚ್ಚುಕಟ್ಟಾದ ಕೆಲಸ ಅಂತೂ ಹೌದು. ಆಮೇಲೂ ಬೇಸು ಎಫ್ ಶಾರ್ಪ್, ಡಿ ಅಂತ ಇಳಿಯುತ್ತಲೇ ಇರುತ್ತದೆ.

ಕಲಿಯುವ ದಾರಿ ಇದರಿಂದಲೇ ಸಿಗುತ್ತದೆ. ಮೊದಲು ಮೂರೂ ಸ್ವರಗಳನ್ನು ಒಂದೇ ಸ್ಥಾಯಿಯಲ್ಲಿ, ಎ3 – ಜಿ ಶಾರ್ಪ್3 – ಎ3, ಸಾಧಾರಣ ಸ ನಿ ಸ ಎಂದು ಹಾಡಿ. ಹತ್ತು ಸಲ. ಎರಡನೆಯ ಸ್ವರದ ಎತ್ತರ ಗಂಟಲಿಗೆ ನೆನಪಿರಲಿ. ಆಮೇಲೆ ಮೊದಲ ಸ್ವರವನ್ನು ಮಾತ್ರ ಕೆಳಗಿನ ಸ್ಥಾಯಿಗೆ ಇಳಿಸಿ, ಉಳಿದೆರಡು ಇದ್ದಲ್ಲೇ ಇರಲಿ. ಕೆಳಗಿನಿಂದ ಮೇಲಕ್ಕೆ ಗುರಿಯಿಟ್ಟು ಹಾರುವವರು ಯಾವಾಗಲೂ ನಿ ಗೆ ತುಸು ಕೆಳಗೆ ಬೀಳುತ್ತಾರೆ, ಇಲ್ಲವೇ ಜಾರುತ್ತಾ ಹತ್ತುತ್ತಾರೆ. ಜಾರು ಇಲ್ಲಿ ಸಲ್ಲದು. ನಮ್ಮ ಗಾಯಕರಿಗೆ ಇದೊಂದು ಅಭ್ಯಾಸಬಲದ ತೊಂದರೆ, ಎರಡು ಸ್ವರದ ನಡುವೆ ಗಂಟಲು ತಾನಾಗಿ ಎಳೆಯುತ್ತದೆ.

ಕೆಳಗಿನ ಸ ವನ್ನು ಒತ್ತಿ ಹೇಳಬೇಡಿ. ಉಸಿರು ಬೆರೆತ, ಮಾತಿನಷ್ಟೇ ಸಣ್ಣ ದನಿ ಸಾಕು, ಮೈಕಿಗೆ ಐದು ಸೆಂಟಿಮೀಟರ್ ಹತ್ತಿರ ಹೋಗಿ. ಅಷ್ಟು ಹತ್ತಿರವಾದರೆ ಮೈಕೇ ತಳದ ಸ್ವರಕ್ಕೆ ಮೈ ತುಂಬಿಸಿಕೊಡುತ್ತದೆ. ಪ್ರತಿ ಸಾಲೂ ಹಿಂದಿನದಕ್ಕಿಂತ ಮೇಲೇರುವುದರಿಂದ ಮೈಕಿನಿಂದ ಸ್ವಲ್ಪ ಸ್ವಲ್ಪ ಹಿಂದೆ ಸರಿಯುತ್ತಾ, ಕೊನೆಯ ಇ5 ಹೊತ್ತಿಗೆ ಒಂದು ಗೇಣು ದೂರ ಇರಬೇಕು. ಆ ಕೊನೆಯ ಸ್ವರ ಕಳ್ಳಧ್ವನಿಯದೇ. ಎದೆಯ ದನಿಯಲ್ಲಿ ತಳ್ಳಿಕೊಂಡು ಹೋದರೆ ನಡುದಾರಿಯಲ್ಲೇ ಒಡೆಯುತ್ತದೆ, ಮರುದಿನ ಗಂಟಲು ಕಟ್ಟಿರುತ್ತದೆ. ಇ4ರ ಸುತ್ತ ಎಲ್ಲೋ ದನಿಯನ್ನು ಹಗುರ ಮಾಡಿಕೊಳ್ಳಲು ಶುರುಮಾಡಿ. ಒಡಕು ಬರುವ ಸ್ವರಕ್ಕಿಂತ ಎರಡು ಸ್ವರ ಮೊದಲೇ ಬದಲಾಯಿಸಿಕೊಳ್ಳುವುದು ಜಾಣತನ.

ಶ್ರುತಿ ಇಳಿಸಿಕೊಳ್ಳಬಹುದಲ್ಲ ಅಂತ ಎಲ್ಲರಿಗೂ ಹೊಳೆಯುತ್ತದೆ. ಜಿ ಗೆ ಇಳಿಸಿದರೆ ಮೇಲಿನದು ಡಿ5 ಆಗಿ ಸ್ವಲ್ಪ ಸಲೀಸು, ಕೆಳಗಿನದು ಜಿ2 ಆಗಿ ನೆಲಕ್ಕೆ ತಾಗುತ್ತದೆ. ಚಾಪೆ ಚಿಕ್ಕದು, ತಲೆಗೆ ಎಳೆದರೆ ಕಾಲಿಗಿಲ್ಲ. ಹೆಂಗಸರು ಜಿ3 ಷಡ್ಜ ಇಟ್ಟುಕೊಳ್ಳುವವರಾದರೆ ಮೂಲ ಶ್ರುತಿಯ ಮೇಲಿನ ತುದಿ ತಾರ ಧೈವತ, ತಲೆದನಿಯಲ್ಲಿ ಸಿಗುತ್ತದೆ. ಕೆಳಗಿನ ತುದಿ ಮಂದ್ರ ಋಷಭ, ಸಿಗುವ ಮಾತೇ ಇಲ್ಲ. ವೇದಿಕೆಯಲ್ಲಿ ಉತ್ತಮ ಉಪಾಯ ಇಬ್ಬರು ಹಾಡುವುದು. ಪಲ್ಲವಿಯ ಸಾಲುಗಳ ಬೆನ್ನಿಗೇ ಮಾರುತ್ತರದ ದನಿ ಮೂಲದಲ್ಲೂ ಇದೆ, ಹಾಗಾಗಿ ಎರಡು ಕಂಠ ಕೇಳಿದರೆ ಅಸಹಜ ಅನ್ನಿಸುವುದಿಲ್ಲ. ಮೊದಲ ಪದವನ್ನು ಮೇಲಿನ ಸ್ಥಾಯಿಗೆ ಎತ್ತಿ ಸ ನಿ ಸ ಎಂದು ಹಾಡಿ ಮುಗಿಸುವವರೂ ಇದ್ದಾರೆ. ಮಾಡಬಹುದು. ಆದರೆ ಪಲ್ಲವಿಯ ನೆಗೆತವೇ ಹೋದ ಮೇಲೆ ಉಳಿಯುವುದೇನು?

ಪಲ್ಲವಿಯಲ್ಲಿ ಡ್ರಮ್ಮು ಎರಡು ಬಾರ್‌ಗಳ ಮಟ್ಟಿಗೆ ಅರ್ಧ ವೇಗಕ್ಕೆ ಬಿದ್ದು, ದನಿ ತುದಿಗೆ ಏರುವಾಗ ಮತ್ತೆ ಓಟಕ್ಕೆ ಬರುತ್ತದೆ. ಕೇಳುವವರಿಗೆ ಇದು ತಿಳಿಯುವುದೇ ಇಲ್ಲ, ಏನೋ ಉಸಿರು ಹಿಡಿದ ಹಾಗಾಗುತ್ತದೆ ಅಷ್ಟೇ. ಆಟೋ ರಿದಮ್ ಹಾಕಿ ನುಡಿಸಿದಾಗ ಪಲ್ಲವಿ ಚಪ್ಪಟೆಯಾಗುವುದಕ್ಕೆ ಮುಖ್ಯ ಕಾರಣ ಇದು. ಕೀಬೋರ್ಡಿನಲ್ಲಿ ಎ, ಬಿ ಎಂಬ ಎರಡು ವೇರಿಯೇಷನ್ ಇದ್ದರೆ ಒಂದರಲ್ಲಿ ಸ್ನೇರ್ ಪೆಟ್ಟು 2 ಮತ್ತು 4ಕ್ಕೆ, ಇನ್ನೊಂದರಲ್ಲಿ 3ಕ್ಕೆ ಮಾತ್ರ ಬರುವಂತೆ ಇಟ್ಟುಕೊಂಡು ಬದಲಾಯಿಸಿ.

ನಡುವಿನ ವಾದ್ಯಭಾಗ ಸಿ ಶಾರ್ಪ್ ಮೈನರ್ ಮತ್ತು ಜಿ ಕಾರ್ಡುಗಳ ನಡುವೆ ತೂಗುತ್ತದೆ. ಇಷ್ಟುಹೊತ್ತು ಕಾಕಲಿ ನಿಷಾದದಲ್ಲೇ ಇದ್ದ ಹಾಡಿಗೆ ಕೈಶಿಕಿ ನಿಷಾದ ಬರುವುದು ಇಲ್ಲಿ, ಜಿ ಕಾರ್ಡಿನ ಜೊತೆ. ಕೈತಪ್ಪಿ ಜಿ ಶಾರ್ಪ್ ಒತ್ತಿದರೆ ಕಿವಿಗೆ ಚುಚ್ಚುತ್ತದೆ. ಆಮೇಲೆ ಬಿ ಮೈನರ್, ಇ, ಮತ್ತೆ ಮನೆಗೆ.

ಕೀಬೋರ್ಡಿನ ಆ ಸಾಲನ್ನು ತಂಡದ ಕೀಬೋರ್ಡಿಗ ಮಾಗ್ನೆ ಫುರುಹೋಲ್ಮನ್ ಕಟ್ಟಿದ್ದು ಹದಿಹರೆಯದಲ್ಲಿ. ಆಗ ಅವರೂ ಗಿಟಾರಿನ ಪೋಲ್ ವಾಕ್ಟಾರ್ ಅವರೂ ಓಸ್ಲೋದಲ್ಲಿ ಬ್ರಿಜಸ್ ಎಂಬ ತಂಡ ಕಟ್ಟಿಕೊಂಡಿದ್ದರು. ಹಾಡಿಗೆ ಮೊದಲು ‘ಮಿಸ್ ಈರಿ’, ಆಮೇಲೆ ‘ಲೆಸನ್ ಒನ್’ ಎಂಬ ಹೆಸರುಗಳಿದ್ದವು. ಹಾರ್ಕೆಟ್ ಸೇರಿ 1982ರಲ್ಲಿ ಆ-ಹಾ ಆಯಿತು. (ಹೆಸರಿಗೆ ಕನ್ನಡದಲ್ಲಿ ಅನುವಾದವೇ ಬೇಕಿಲ್ಲ.) 1983ರ ಆರಂಭದಲ್ಲಿ ಲಂಡನ್ನಿಗೆ ಹೋದರು. ನಿರ್ಮಾಪಕ ಟೋನಿ ಮ್ಯಾನ್ಸ್‌ಫೀಲ್ಡ್ ಫೇರ್‌ಲೈಟ್ ಎಂಬ ಸ್ಯಾಂಪ್ಲಿಂಗ್ ಯಂತ್ರ ಬಳಸಿ ಮಾಡಿದ ಮುದ್ರಣ 1984ರಲ್ಲಿ ಬಿಡುಗಡೆಯಾಯಿತು. ನಾರ್ವೆಯಲ್ಲಿ 3ನೆಯ ಸ್ಥಾನ, ಬ್ರಿಟನ್ನಿನಲ್ಲಿ 137. ಅದನ್ನು ಈಗಲೂ ಕೇಳಬಹುದು, ಕೇಳಲೇಬೇಕು. ಸ್ವರಗಳು ಬಹುಪಾಲು ಇವೇ, ನೆಗೆತವೂ ಇದೇ, ಆದರೆ ನಾದ ತೆಳು, ಹಾಡು ತಳಮಳಿಸುವುದಿಲ್ಲ. ಇನ್ನೊಬ್ಬ ನಿರ್ಮಾಪಕ ಅಲನ್ ಟಾರ್ನಿ 1985ರಲ್ಲಿ ಹೊಸದಾಗಿ ಮುದ್ರಿಸಿದರು. ಬ್ರಿಟನ್ನಿನಲ್ಲಿ ಅದೂ ಮೊದಲ ಸಲ ಬಿತ್ತು.

ಎಬ್ಬಿಸಿದ್ದು ಸ್ಟೀವ್ ಬ್ಯಾರನ್ ನಿರ್ದೇಶಿಸಿದ ವಿಡಿಯೊ. ಮೈಕೇಲ್ ಪ್ಯಾಟರ್ಸನ್, ಕ್ಯಾಂಡೇಸ್ ರೆಕಿಂಜರ್ ಎಂಬ ಇಬ್ಬರು ಚಿತ್ರಕಾರರು, ಮೊದಲೇ ಚಿತ್ರೀಕರಿಸಿದ್ದ ಫಿಲ್ಮಿನ ಒಂದೊಂದೇ ಫ್ರೇಮನ್ನು ಕಾಗದದ ಮೇಲೆ ಪೆನ್ಸಿಲಿನಿಂದ ಗೀಚಿ ಮೂಡಿಸುತ್ತಾ ಸುಮಾರು 3000 ಚಿತ್ರ ಬರೆದರು, 16 ವಾರ ಹಿಡಿಯಿತು. ವಾರಕ್ಕೆ ಇನ್ನೂರರ ಹತ್ತಿರ. ರೋಟೋಸ್ಕೋಪ್ ಎನ್ನುವ ಈ ವಿಧಾನಕ್ಕೆ ಮ್ಯಾಕ್ಸ್ ಫ್ಲೈಶರ್ 1917ರಲ್ಲೇ ಪೇಟೆಂಟ್ ಪಡೆದಿದ್ದರು, ಹೊಸದೇನಲ್ಲ. ಗೆರೆಗಳು ಫ್ರೇಮಿನಿಂದ ಫ್ರೇಮಿಗೆ ಕೂಡಿಕೊಳ್ಳದೆ ನಡುಗುತ್ತವಲ್ಲ, ಆ ನಡುಕವನ್ನು ಅಳಿಸದೆ ಉಳಿಸಿಕೊಂಡದ್ದು ಸೊಗಸು. 1985ರ ಅಕ್ಟೋಬರ್ 19ರ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಹಾಡು ಅಮೆರಿಕದ 1ನೆಯ ಸ್ಥಾನಕ್ಕೆ ಬಂತು, ನಾರ್ವೆಯ ತಂಡವೊಂದಕ್ಕೆ ಅದು ಮೊದಲು. ಒಂದೇ ವಾರ ಇತ್ತು. ಬ್ರಿಟನ್ನಿನಲ್ಲಿ 2ಕ್ಕೆ ನಿಂತಿತು.

ಅಭ್ಯಾಸ ಮಾಡುವವರು ಇನ್ನೊಂದು ರೂಪ ಕೇಳಬೇಕು. 2017ರ ಜೂನ್‌ನಲ್ಲಿ ನಾರ್ವೆಯ ಗಿಸ್ಕೆ ದ್ವೀಪದಲ್ಲಿ ಎಂಟಿವಿ ಅನ್‌ಪ್ಲಗ್ಡ್‌ಗಾಗಿ ಇದೇ ಹಾಡನ್ನು ವಿಳಂಬದಲ್ಲಿ, ಯಂತ್ರಗಳಿಲ್ಲದೆ ನುಡಿಸಿದ್ದಾರೆ. ಓಟ ಇಲ್ಲ, ಡ್ರಮ್ಮಿನ ಮರೆ ಇಲ್ಲ, ನೆಗೆತ ಮಾತ್ರ ಬೆತ್ತಲೆಯಾಗಿ ಕೇಳಿಸುತ್ತದೆ. ಸ ನಿ ಸ ಅಭ್ಯಾಸಕ್ಕೆ ಜೊತೆಗೆ ಹಾಡಿಕೊಳ್ಳಲು ಇದೇ ವಾಸಿ. ನಿಧಾನದಲ್ಲಿ ನಿ ತಪ್ಪಿದರೆ ನಿಮಗೇ ಗೊತ್ತಾಗುತ್ತದೆ, 169ರಲ್ಲಿ ಗೊತ್ತಾಗುವಷ್ಟರಲ್ಲಿ ಮುಂದಿನ ಸಾಲು ಬಂದಿರುತ್ತದೆ.